ದೃಢತೆ, ಹಠ ಮತ್ತು ನಿಷ್ಠೆ: ಇಂಗ್ಲಿಷಿನ ಕೆಲವು ಶಬ್ದಗಳ ವಿವೇಚನೆ

ಭಾಷೆಯೊಂದರಲ್ಲಿ ವಸ್ತುಗಳ ಹೆಸರುಗಳನ್ನು ಕಲಿಯುವುದು ಸುಲಭ. ಮನುಷ್ಯನ ಗುಣಗಳನ್ನು ಸೂಚಿಸುವ ಶಬ್ದಗಳನ್ನು ಕಲಿಯುವುದು ಕಠಿಣ. ನೇಗಿಲಿಗೆ ಇಂಗ್ಲಿಷಿನಲ್ಲಿ 'ಪ್ಲೌ' ಎನ್ನುತ್ತಾರೆಂದು ತಿಳಿದರೆ ಅಲ್ಲಿಗೆ ಪಾಠ ಮುಗಿಯಿತು. ನೇಗಿಲನ್ನು ಮೆಚ್ಚುವವನಿಗೂ ಮೆಚ್ಚದವನಿಗೂ ಅದು 'ಪ್ಲೌ' ಆಗಿಯೇ ಉಳಿಯುತ್ತದೆ. ಆದರೆ ತನ್ನ ಮಾತಿನಿಂದ ಹಿಂದೆ ಸರಿಯದ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ಒಂದೇ ಉತ್ತರ ದೊರೆಯುವುದಿಲ್ಲ. 'ಫರ್ಮ್', 'ರೆಸಲ್ಯೂಟ್', 'ಸ್ಟೆಡ್‌ಫಾಸ್ಟ್', 'ಟೆನೇಶಸ್', 'ಸ್ಟಬರ್ನ್', 'ಆಬ್‌ಸ್ಟಿನೇಟ್', 'ಆಬ್‌ಡ್ಯುರೇಟ್', 'ರಿಜಿಡ್', 'ಪಿಗ್‌ಹೆಡೆಡ್' ಎಂದು ಹತ್ತಾರು ಶಬ್ದಗಳು ಸಾಲುಗಟ್ಟಿ ನಿಲ್ಲುತ್ತವೆ. ಇವುಗಳಲ್ಲಿ ಕೆಲವು ಹೊಗಳಿಕೆ, ಕೆಲವು ನಿಂದೆ. ಕೆಲವು ಸಂದರ್ಭಕ್ಕೆ ತಕ್ಕಂತೆ ಎರಡೂ ಆಗಬಲ್ಲವು.

ಚಿಕ್ಕ ನಿಘಂಟೊಂದನ್ನೇ ನೆಚ್ಚಿಕೊಂಡ ವಿದ್ಯಾರ್ಥಿ ಇಲ್ಲಿಯೇ ಎಡವುತ್ತಾನೆ. ಇವುಗಳಲ್ಲಿ ಬಹುಪಾಲು ಶಬ್ದಗಳ ಎದುರಿಗೆ 'ದೃಢ', 'ಹಠಮಾರಿ', 'ಮಣಿಯದ' ಎಂಬ ಎರಡು ಮೂರು ಕನ್ನಡ ಪದಗಳೇ ಸುತ್ತಿ ಸುತ್ತಿ ಬರುವುದರಿಂದ ಎಲ್ಲವೂ ಒಂದೇ ಎಂದು ಅವನು ಭಾವಿಸುತ್ತಾನೆ. ದೇಶಕ್ಕಾಗಿ ಸೆರೆಮನೆ ಸೇರಿದ ಹಿರಿಯರೊಬ್ಬರನ್ನು ಕುರಿತು ಪ್ರಬಂಧ ಬರೆಯುವಾಗ ಅವರನ್ನು 'ಆಬ್‌ಸ್ಟಿನೇಟ್' ಎಂದು ಬಣ್ಣಿಸಿಬಿಡುತ್ತಾನೆ. ಹೊಗಳಲು ಹೊರಟವನು ತನಗರಿಯದೆಯೇ ತೆಗಳಿರುತ್ತಾನೆ. ಇದಕ್ಕಿಂತ ಗಂಭೀರವಾದ ಸಂದರ್ಭವೂ ಉಂಟು. ಬಾಲಕನೊಬ್ಬನ ನಡತೆಯನ್ನು ಕುರಿತು ಪ್ರಮಾಣಪತ್ರ ಬರೆಯುವ ಗುರುಗಳ ಲೇಖನಿಯಿಂದ 'ಡಿಟರ್ಮಿನ್ಡ್' ಎಂಬ ಶಬ್ದ ಬಂದರೆ ಅವನ ಮುಂದೆ ಒಂದು ಬಾಗಿಲು ತೆರೆದೀತು. 'ಸ್ಟಬರ್ನ್' ಎಂಬ ಶಬ್ದ ಬಂದರೆ ಅದೇ ಬಾಗಿಲು ಮುಚ್ಚೀತು. ಬಾಲಕನಾದರೋ ಎರಡು ಕಡೆಯೂ ಒಬ್ಬನೇ. ಆದುದರಿಂದ ಈ ಶಬ್ದಗಳ ತಾರತಮ್ಯವನ್ನು ಅರಿಯುವುದು ಭಾಷೆಯ ಪಾಠವಾಗಿರುವಂತೆ ನ್ಯಾಯದ ಪಾಠವೂ ಆಗಿದೆ.

ಆಡುವವನು ಯಾರು?

ಈ ಶಬ್ದಗಳ ಮೊದಲ ರಹಸ್ಯವನ್ನು ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬಿ.ಬಿ.ಸಿ. ರೇಡಿಯೋದ ಚರ್ಚಾಕಾರ್ಯಕ್ರಮವೊಂದರಲ್ಲಿ ವಿನೋದವಾಗಿ ಬಿಚ್ಚಿ ತೋರಿಸಿದರು. ವ್ಯಾಕರಣದಲ್ಲಿ ಕ್ರಿಯಾಪದವು ಉತ್ತಮ, ಮಧ್ಯಮ, ಪ್ರಥಮ ಪುರುಷಗಳಿಗೆ ತಕ್ಕಂತೆ ರೂಪ ಬದಲಿಸುವ ಹಾಗೆ ಗುಣವಾಚಕವೂ ಬದಲಾಗುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಬಗ್ಗದಿರುವವನು ತಾನಾದರೆ 'ಫರ್ಮ್', ಎದುರಿಗಿರುವವನಾದರೆ 'ಆಬ್‌ಸ್ಟಿನೇಟ್', ಅಲ್ಲಿಲ್ಲದ ಮೂರನೆಯವನಾದರೆ 'ಪಿಗ್‌ಹೆಡೆಡ್' ಮೂರ್ಖ! ಮೂವರ ವರ್ತನೆಯೂ ಒಂದೇ. ಬದಲಾದದ್ದು ಆಡುವವನಿಗೂ ಅವರಿಗೂ ನಡುವಿನ ದೂರ ಮಾತ್ರ.

ಇದು ಹಾಸ್ಯಕ್ಕಾಗಿ ಹುಟ್ಟಿದ ಮಾತಾದರೂ ಇತಿಹಾಸ ಇದಕ್ಕೆ ಸಾಕ್ಷಿ ನುಡಿಯುತ್ತದೆ. 1811ರ ಮೇ 16ರಂದು ಸ್ಪೇನ್ ದೇಶದ ಅಲ್ಬುಯೆರಾದಲ್ಲಿ ನೆಪೋಲಿಯನ್ನನ ಸೈನ್ಯದೊಡನೆ ಘೋರ ಕಾಳಗ ನಡೆಯಿತು. ಬ್ರಿಟಿಷರ 57ನೆಯ ಕಾಲಾಳು ದಳದ ನಾಯಕ ಕರ್ನಲ್ ಇಂಗ್ಲಿಸ್ ಗಾಯಗೊಂಡು ಬಿದ್ದಿದ್ದರೂ ತನ್ನ ಸೈನಿಕರಿಗೆ ಸುಲಭವಾಗಿ ಸಾಯದಿರಿ, ಕೊನೆಯವರೆಗೂ ಕಾದಿ ಸಾಯಿರಿ ಎಂದು ಕೂಗಿ ಹೇಳಿದನಂತೆ. ಅಂದಿನಿಂದ ಆ ದಳಕ್ಕೆ 'ಡೈಹಾರ್ಡ್ಸ್' ಎಂಬ ಬಿರುದು ನಿಂತಿತು. ನೂರು ವರ್ಷಗಳ ಬಳಿಕ, 1911ರಲ್ಲಿ, ಪ್ರಭುಸಭೆಯ ಅಧಿಕಾರವನ್ನು ಮೊಟಕುಗೊಳಿಸುವ ಮಸೂದೆ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದಿತು. ಅದನ್ನು ಕೊನೆಯವರೆಗೂ ವಿರೋಧಿಸಿದ ಪ್ರಭುಗಳನ್ನು ಜನ ಅದೇ 'ಡೈಹಾರ್ಡ್' ಎಂಬ ಹೆಸರಿನಿಂದ ಕರೆದರು. ರಣರಂಗದಲ್ಲಿ ವೀರರಿಗೆ ಸಂದ ಬಿರುದು ರಾಜಕಾರಣದಲ್ಲಿ ಕಾಲದ ಗತಿಯನ್ನರಿಯದವರ ಅಡ್ಡಹೆಸರಾಯಿತು.

ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. 1976ರ ಜನವರಿಯಲ್ಲಿ, ಆಗ ಬ್ರಿಟನ್ನಿನ ವಿರೋಧಪಕ್ಷದ ನಾಯಕಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರನ್ನು ಸೋವಿಯತ್ ಸೈನ್ಯದ ಪತ್ರಿಕೆಯೊಂದು 'ಉಕ್ಕಿನ ಮಹಿಳೆ' ಎಂದು ಹಂಗಿಸಿತು. ಕೆಲವೇ ದಿನಗಳಲ್ಲಿ ಅವರು ಸಭೆಯೊಂದರಲ್ಲಿ ಆ ಹೆಸರನ್ನು ಹೆಮ್ಮೆಯಿಂದ ಎತ್ತಿಕೊಂಡರು. ಲೋಹ ಒಂದೇ, ಹಂಗಿಸಿದವರಿಗೆ ಅದರ ಕಾಠಿಣ್ಯ ಕಂಡಿತು, ಹೊತ್ತವರಿಗೆ ಅದರ ಬಲ ಕಂಡಿತು.

ರಾಜಕೀಯ ವಾರ್ತೆಗಳಲ್ಲಿ ಪದೇ ಪದೇ ಕಾಣುವ 'ಇಂಟ್ರಾನ್ಸಿಜೆಂಟ್' ಎಂಬ ಶಬ್ದಕ್ಕೂ ಇಂಥದೇ ಚರಿತ್ರೆಯಿದೆ. 1873ರಲ್ಲಿ ಸ್ಪೇನಿನಲ್ಲಿ ಗಣರಾಜ್ಯ ಸ್ಥಾಪನೆಯಾದಾಗ ಯಾವ ರಾಜಿಗೂ ಒಪ್ಪದ ಉಗ್ರ ಗಣರಾಜ್ಯವಾದಿಗಳಿಗೆ, ಒಪ್ಪಂದಕ್ಕೆ ಬಾರದವರು ಎಂಬರ್ಥದ ಈ ಹೆಸರು ಸಲ್ಲುತ್ತಿತ್ತು. ಅಲ್ಲಿಂದ ಅದು ಇಂಗ್ಲಿಷಿಗೆ ಬಂದಿತು. ಇಂದು ಯಾವ ಪಕ್ಷವೂ ತನ್ನನ್ನು ತಾನು ಹೀಗೆ ಕರೆದುಕೊಳ್ಳುವುದು ಅಪೂರ್ವ. ಎದುರು ಪಕ್ಷವನ್ನು ಕರೆಯುವುದೇ ಹೆಚ್ಚು. ಆದುದರಿಂದ ಪತ್ರಿಕೆಯಲ್ಲಿ ಈ ಶಬ್ದವನ್ನು ಕಂಡ ಓದುಗನು, ಇದನ್ನು ಯಾರು ಯಾರ ಬಗ್ಗೆ ಆಡಿದರು ಎಂದು ಮೊದಲು ಕೇಳಿಕೊಳ್ಳಬೇಕು.

ಬೇರುಗಳು ನುಡಿಯುವ ಮಾತು

ಶಬ್ದಗಳ ಮೂಲವನ್ನು ಅರಸಿದರೆ ಅವುಗಳ ಸ್ವಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ. 'ಫರ್ಮ್' ಎಂಬುದು ಲ್ಯಾಟಿನ್ನಿನ 'ಫಿರ್ಮುಸ್' ಎಂಬುದರಿಂದ ಬಂದುದು. ಅದನ್ನು ಭಾಷಾಶಾಸ್ತ್ರಜ್ಞರು ಸಂಸ್ಕೃತದ 'ಧೃ' ಧಾತುವಿಗೆ, ಎಂದರೆ ಧರಿಸು, ಹಿಡಿದು ನಿಲ್ಲಿಸು ಎಂಬ ಅರ್ಥದ ಮೂಲಕ್ಕೆ ಸಂಬಂಧಿಸುತ್ತಾರೆ. ಸಂಸ್ಕೃತದ 'ಧ'ಕಾರಕ್ಕೆ ಲ್ಯಾಟಿನ್ನಿನಲ್ಲಿ ಪದಾದಿಯಲ್ಲಿ 'ಫ'ಕಾರ ಬರುವುದಕ್ಕೆ 'ಧೂಮ' ಮತ್ತು 'ಫ್ಯೂಮ್' ಎಂಬ ಜೋಡಿಯೇ ನಿದರ್ಶನ. ಹಾಗಾದರೆ 'ಫರ್ಮ್' ಎಂಬ ಶಬ್ದ 'ಧರ್ಮ' ಎಂಬ ಶಬ್ದದ ದೂರದ ಬಂಧು. ವ್ಯಾಪಾರಸಂಸ್ಥೆಗೆ 'ಫರ್ಮ್' ಎಂಬ ಹೆಸರು ಬಂದದ್ದೂ ಪತ್ರವನ್ನು ದೃಢಪಡಿಸುವ ರುಜುವಿನಿಂದ. ಬೇಸಾಯದ 'ಫಾರ್ಮ್' ಕೂಡ ಇದೇ ಕುಲದ್ದು. ಮೊದಲಿಗೆ ಅದರ ಅರ್ಥ ಗೊತ್ತುಮಾಡಿದ ಗುತ್ತಿಗೆಯ ಹಣ, ಅನಂತರ ಗುತ್ತಿಗೆಯ ಭೂಮಿ, ಕಡೆಗೆ ಬೇಸಾಯದ ಭೂಮಿ. ಇತರರು ನಂಬಿ ನಡೆಯಬಹುದಾದ ಸ್ಥಿರತೆಯೇ ಈ ಕುಟುಂಬದ ಸಮಾನ ಲಕ್ಷಣ.

ಎರಡನೆಯದು ನಿಲ್ಲುವಿಕೆಯ ಕುಟುಂಬ. ಸಂಸ್ಕೃತದ 'ಸ್ಥಾ' ಧಾತುವಿಗೂ ಇಂಗ್ಲಿಷಿನ 'ಸ್ಟ್ಯಾಂಡ್' ಎಂಬುದಕ್ಕೂ ಮೂಲ ಒಂದೇ. 'ಸ್ಟೆಡ್‌ಫಾಸ್ಟ್' ಎಂದರೆ ನಿಂತ ಸ್ಥಾನದಲ್ಲಿ ಗಟ್ಟಿಯಾಗಿ ನೆಲೆಗೊಂಡವನು. 'ಕಾನ್‌ಸ್ಟಂಟ್' ಎಂದರೆ ಜೊತೆಬಿಡದೆ ನಿಂತವನು. 'ಆಬ್‌ಸ್ಟಿನೇಟ್' ಎಂಬುದೂ ಇದೇ ಬೇರಿನದು. 'ಆಬ್‌ಸ್ಟಕಲ್', ಎಂದರೆ ಅಡ್ಡಿ, ಅದರ ಸೋದರ ಶಬ್ದ. ಎರಡರಲ್ಲಿಯೂ ಇರುವ 'ಆಬ್' ಎಂಬ ಉಪಸರ್ಗಕ್ಕೆ ಎದುರಾಗಿ ಎಂಬ ಅರ್ಥವುಂಟು. ಮೊದಲಿನವರು ಒಂದು ನೆಲೆಯ ಮೇಲೆ ನಿಂತರು. ಈತನಾದರೋ ದಾರಿಗೆ ಅಡ್ಡವಾಗಿ ನಿಂತಂತೆ ಕಾಣುತ್ತಾನೆ.

ಮೂರನೆಯದು ಕಾಠಿಣ್ಯದ ಕುಟುಂಬ. ಲ್ಯಾಟಿನ್ನಿನಲ್ಲಿ 'ದುರುಸ್' ಎಂದರೆ ಗಟ್ಟಿ. ಬಹುಕಾಲ ಬಾಳುವ ವಸ್ತು 'ಡ್ಯೂರಬಲ್'. ಕಷ್ಟವನ್ನು ತಾಳಿಕೊಳ್ಳುವುದು 'ಎಂಡ್ಯೂರ್'. ಕರುಣೆಗೂ ಪಶ್ಚಾತ್ತಾಪಕ್ಕೂ ಎಡೆಗೊಡದಂತೆ ಹೃದಯ ಕಲ್ಲಾದಾಗ 'ಆಬ್‌ಡ್ಯುರೇಟ್'. ಮೈ ಗಟ್ಟಿಯಾದರೆ ಗುಣ, ಮನಸ್ಸು ಗಟ್ಟಿಯಾದರೆ ಸಹನೆ, ಎದೆ ಗಟ್ಟಿಯಾದರೆ ಕ್ರೌರ್ಯ ಎಂಬ ವಿವೇಕವನ್ನು ಒಂದೇ ಧಾತು ಮೂರು ಶಬ್ದಗಳಲ್ಲಿ ಹೇಳಿದೆ.

'ಅಡಮಂಟ್' ಎಂಬುದರ ಕಥೆ ಇನ್ನೂ ಸ್ವಾರಸ್ಯವಾದುದು. ಗ್ರೀಕಿನ 'ಅದಮಾಸ್' ಎಂದರೆ ಪಳಗಿಸಲಾಗದ್ದು. ಅತ್ಯಂತ ಕಠಿಣವಾದ ಲೋಹಕ್ಕೂ ಶಿಲೆಗೂ ಆ ಹೆಸರಿತ್ತು. ವಜ್ರವನ್ನು ಸೂಚಿಸುವ 'ಡೈಮಂಡ್' ಅದರ ರೂಪಾಂತರವೇ. ಸಂಸ್ಕೃತದ 'ದಮ', 'ದಮನ'ಗಳ ಬೇರೇ ಅದರ ಬೇರಾಗಿರುವುದರಿಂದ ಕನ್ನಡಿಗರು ಬಳಸುವ 'ಅದಮ್ಯ' ಎಂಬ ಶಬ್ದ ರಚನೆಯಲ್ಲಿಯೂ ಅರ್ಥದಲ್ಲಿಯೂ ಅದಕ್ಕೆ ಸರಿಹೊಂದುತ್ತದೆ. ಲ್ಯಾಟಿನ್ನಿನ ದಾರಿಯಿಂದ ಬಂದ 'ಇಂಡಾಮಿಟಬಲ್' ಎಂಬುದೂ ಅದೇ ಬೇರಿನದು. ಆದರೂ ಸೋಲನ್ನೊಪ್ಪದ ಧೀರನಿಗೆ 'ಇಂಡಾಮಿಟಬಲ್' ಸಲ್ಲುತ್ತದೆ. ಮಾತುಕತೆಯಲ್ಲಿ ಒಂದಿಷ್ಟೂ ಸಡಿಲಿಸದವನಿಗೆ 'ಅಡಮಂಟ್' ಸಲ್ಲುತ್ತದೆ.

ಈ ಎಲ್ಲಕ್ಕಿಂತ ಮಿಗಿಲಾಗಿ ವಿದ್ಯಾರ್ಥಿಗಳು ಮನನ ಮಾಡಬೇಕಾದ ಶಬ್ದ 'ರೆಸಲ್ಯೂಟ್'. ಇದರ ಮೂಲಾರ್ಥ ಗಟ್ಟಿಗೊಳಿಸು ಎಂದಲ್ಲ, ಸಡಿಲಿಸು ಎಂದು! ಲೆಕ್ಕವನ್ನು ಬಿಡಿಸುವ 'ಸಾಲ್ವ್', ಉಪ್ಪು ನೀರಿನಲ್ಲಿ ಕರಗುವ 'ಡಿಸಾಲ್ವ್' ಇದರ ಬಂಧುಗಳು. ತೊಡಕಾದ ವಿಷಯವನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿ, ಸಂದೇಹಗಳನ್ನು ಕರಗಿಸಿ, ಅನಂತರ ತಳೆದ ನಿಶ್ಚಯವೇ 'ರೆಸಲ್ಯೂಶನ್'. ಮೊದಲು ವಿಚಾರ, ಬಳಿಕ ದಾರ್ಢ್ಯ. ವಿಚಾರದ ಹಂತವನ್ನು ದಾಟದೆಯೇ ಗಟ್ಟಿಯಾದವನಿಗೆ ಈ ಶಬ್ದ ಸಲ್ಲುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಇಂಗ್ಲಿಷಿನವರು 'ಪಿಗ್‌ಹೆಡೆಡ್' ಎಂಬ ಬೇರೆ ಶಬ್ದವನ್ನೇ ಇಟ್ಟಿದ್ದಾರೆ.

ದನ, ನಾಯಿ, ಹಡಗು

ಅಮೂರ್ತ ಗುಣಗಳನ್ನು ಹೇಳಲು ಜನಸಾಮಾನ್ಯರು ಕಣ್ಣೆದುರಿನ ವಸ್ತುಗಳನ್ನೇ ಆಶ್ರಯಿಸುವುದುಂಟು. ಹಂದಿಯ ತಲೆಯಿಂದ 'ಪಿಗ್‌ಹೆಡೆಡ್', ಹೇಸರಗತ್ತೆಯಿಂದ 'ಮ್ಯೂಲಿಶ್' ಹುಟ್ಟಿದವು. ನೊಗಕ್ಕೆ ಕೊರಳು ಬಗ್ಗಿಸದ ಎತ್ತಿನ ಚಿತ್ರದಿಂದ ಬೈಬಲ್ಲಿನ ಅನುವಾದಗಳ ಮೂಲಕ 'ಸ್ಟಿಫ್‌ನೆಕ್ಡ್' ಎಂಬ ಶಬ್ದ ನೆಲೆಗೊಂಡಿತು. ಮೇವಿಲ್ಲದೆ ಬಡಕಲಾಗಿ ಚರ್ಮವು ಎಲುಬಿಗೆ ಅಂಟಿಕೊಂಡ ದನಕ್ಕೆ 'ಹೈಡ್‌ಬೌಂಡ್' ಎನ್ನುತ್ತಿದ್ದರು. ಮುಂದೆ ಅದು ಹೊಸ ವಿಚಾರದ ಮೇವಿಲ್ಲದೆ ಹಳೆಯ ಕಟ್ಟಳೆಗೆ ಅಂಟಿಕೊಂಡ ಮನಸ್ಸಿಗೆ ಹೆಸರಾಯಿತು. ಒಕ್ಕಲುತನದ ಮನೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಈ ಎರಡು ಶಬ್ದಗಳ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ನಾಯಿಯಿಂದ ಹುಟ್ಟಿದ 'ಡಾಗಿಡ್' ಎಂಬ ಶಬ್ದ ಹಿಂದೆ ಸಿಡುಕಿನ, ಕೆಟ್ಟ ಸ್ವಭಾವದ ಎಂಬ ಅರ್ಥದಲ್ಲಿತ್ತು. ಹಿಡಿದುದನ್ನು ಬಿಡದ ನಾಯಿಯ ಗುಣವನ್ನು ಜನ ಮೆಚ್ಚತೊಡಗಿದಂತೆ ಅದು ಪ್ರಶಂಸೆಯ ಶಬ್ದವಾಯಿತು. ವಿಶೇಷಣವಾಗಿ ಬಂದಾಗ ಇದನ್ನು ಎರಡು ಉಚ್ಚಾರಾಂಶಗಳಾಗಿ, 'ಡಾಗ್-ಇಡ್' ಎಂದು ನುಡಿಯಬೇಕು. 'ಸ್ಟಾಂಚ್' ಎಂಬುದು ನೀರು ಒಸರದ ಹಡಗಿಗೆ ಸಲ್ಲುತ್ತಿದ್ದ ಶಬ್ದ. 'ಸ್ಟಾಂಚ್' ಗೆಳೆಯನೆಂದರೆ ಕಷ್ಟದ ಕಡಲಿನಲ್ಲಿಯೂ ಸೋರದ ಸ್ನೇಹವುಳ್ಳವನು.

ಬಳಕೆಯ ಸೂಕ್ಷ್ಮಗಳು

ಯಾವ ಶಬ್ದ ಯಾವ ಶಬ್ದದ ಜೊತೆಗೆ ಕೂಡುತ್ತದೆಂಬುದನ್ನು ಅರಿಯದೆ ಬರವಣಿಗೆ ಸಹಜವಾಗದು. ನಂಬಿಕೆ, ನಿರ್ಧಾರ, ನೆಲ ಇವುಗಳ ಹಿಂದೆ 'ಫರ್ಮ್' ಬರುತ್ತದೆ. ನಿಯಮಕ್ಕೆ 'ರಿಜಿಡ್', ಬೆಂಬಲಿಗನಿಗೆ 'ಸ್ಟಾಂಚ್', ತಡೆಯಲಾಗದ ಕಾಲಗತಿಗೆ 'ಇನೆಕ್ಸೊರಬಲ್' ಒಪ್ಪುತ್ತದೆ. ಈ ಕೊನೆಯ ಶಬ್ದಕ್ಕೆ ಪ್ರಾರ್ಥನೆಗೆ ಕರಗದ್ದು ಎಂದು ಮೂಲಾರ್ಥ. ಹಿಡಿತ ಬಿಡದವನು 'ಟೆನೇಶಸ್' ಆದರೆ ಮೆಚ್ಚುಗೆ. 'ಪರ್ಟಿನೇಶಸ್' ಆದರೆ ಸಾಮಾನ್ಯವಾಗಿ ಬೇಸರದ ಧ್ವನಿ. 'ಹೆಡ್‌ಸ್ಟ್ರಾಂಗ್' ಮತ್ತು 'ಹಾರ್ಡ್‌ಹೆಡೆಡ್' ಎಂಬಿವು ಒಂದೇ ಎಂದು ತೋರಿದರೂ ಮೊದಲಿನದು ಹೇಳಿದ ಮಾತು ಕೇಳದ ಸ್ವೇಚ್ಛಾಚಾರಿಗೆ ಸಲ್ಲುತ್ತದೆ. ಎರಡನೆಯದು ಭಾವಾವೇಶಕ್ಕೆ ಒಳಗಾಗದ ವ್ಯವಹಾರಜ್ಞನಿಗೆ ಸಲ್ಲುವುದೇ ಹೆಚ್ಚು.

ವಿಭಕ್ತಿಯ ಸ್ಥಾನದಲ್ಲಿ ಬರುವ ಪದಗಳನ್ನೂ ಗಮನಿಸಬೇಕು. ಮಕ್ಕಳೊಡನೆ ಬಿಗಿಯಾಗಿರುವುದು 'ಫರ್ಮ್ ವಿತ್'. ಒಂದು ವಿಷಯದಲ್ಲಿ ಬಿಗಿಯಾಗಿರುವುದು 'ಫರ್ಮ್ ಅಬೌಟ್'. ಪಟ್ಟು ಹಿಡಿದು ಕೇಳುವುದು 'ಇನ್ಸಿಸ್ಟ್ ಆನ್'. ಬಿಡದೆ ಮುಂದುವರಿಸುವುದು 'ಪರ್ಸಿಸ್ಟ್ ಇನ್'. ಮಾತಿಗೆ ಅಂಟಿಕೊಳ್ಳುವುದು 'ಸ್ಟಿಕ್ ಟು'.

'ಸ್ಟಬರ್ನ್' ಎಂಬುದು ಸಾಮಾನ್ಯವಾಗಿ ದೂಷಣೆಯೇ ಆದರೂ ಯಾವಾಗಲೂ ಅಲ್ಲ. ಹದಿನಾಲ್ಕನೆಯ ಶತಮಾನದಿಂದ ಕಾಣಬರುವ ಇದನ್ನು ಕವಿ ಚಾಸರ್ ಕೂಡ ಬಳಸಿದ್ದಾನೆ. ಹೋಗದ ಕಲೆ, ಬಿಡದ ಕೆಮ್ಮು, ಕೆಚ್ಚಿನ ಪ್ರತಿರೋಧ ಎಲ್ಲಕ್ಕೂ ಇದು ಸಲ್ಲುತ್ತದೆ. 1770ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಗುಂಪಿನ ಮೇಲೆ ಗುಂಡು ಹಾರಿಸಿದ ಬ್ರಿಟಿಷ್ ಸೈನಿಕರ ವಿಚಾರಣೆ ನಡೆದಾಗ ಜಾನ್ ಆಡಮ್ಸ್ ಎಂಬ ವಕೀಲರು ಊರಿನವರ ಕೋಪವನ್ನು ಲೆಕ್ಕಿಸದೆ ಆ ಸೈನಿಕರ ಪರವಾಗಿ ವಾದಿಸಿದರು. ಸತ್ಯಾಂಶಗಳು 'ಸ್ಟಬರ್ನ್' ಆದುವು, ನಮ್ಮ ಇಚ್ಛೆಗೂ ಆವೇಶಕ್ಕೂ ಅವು ಬದಲಾಗಲಾರವು ಎಂಬುದು ಅವರ ವಾದದ ಸಾರ. ಎಂಟು ಮಂದಿ ಸೈನಿಕರಲ್ಲಿ ಆರು ಮಂದಿ ಬಿಡುಗಡೆ ಹೊಂದಿದರು. ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷರಾದವರು ಇವರೇ. ಮನುಷ್ಯ ಬಗ್ಗದಿದ್ದರೆ ದೋಷವೆನಿಸುವ ಗುಣವೇ ಸತ್ಯ ಬಗ್ಗದಿದ್ದಾಗ ನ್ಯಾಯದ ಆಧಾರವಾಯಿತು.

ಕನ್ನಡದ ತಕ್ಕಡಿ

ಇಂಗ್ಲಿಷಿನ ಈ ಶಬ್ದಗಳನ್ನು ಕನ್ನಡದ ತಕ್ಕಡಿಯಲ್ಲಿ ತೂಗಿದಾಗ ಎರಡು ಭಾಷೆಗಳೂ ಬೆಳಗುತ್ತವೆ. 'ಹಠ' ಎಂಬುದಕ್ಕೆ ಸಂಸ್ಕೃತದಲ್ಲಿ ಬಲಾತ್ಕಾರವೆಂಬ ಅರ್ಥವುಂಟು. ಮಗುವಿನ ಹಠಕ್ಕೆ 'ಸ್ಟಬರ್ನ್' ಹೊಂದುತ್ತದೆ. ಗರಡಿಯ ಕುಸ್ತಿಯಲ್ಲಿ ಎದುರಾಳಿಯನ್ನು ಹಿಡಿಯುವ ವರಸೆ 'ಪಟ್ಟು'. ಪಟ್ಟು ಹಿಡಿಯುವುದು 'ಟೆನೇಶಸ್' ಎಂಬುದಕ್ಕೆ ಸಮೀಪ. 'ಮೊಂಡುತನ'ಕ್ಕೆ 'ಆಬ್‌ಸ್ಟಿನೇಟ್' ಸಾಕು. 'ಛಲ'ವಾದರೋ ಸಂಸ್ಕೃತದಲ್ಲಿ ವಂಚನೆ. ಕನ್ನಡದಲ್ಲಿ ಅದು ಹಿಡಿದುದನ್ನು ಬಿಡದ ಸಂಕಲ್ಪ. ಆದಿಕವಿ ಪಂಪನು ದುರ್ಯೋಧನನನ್ನು ಛಲಕ್ಕಾಗಿಯೇ ನೆನೆದಿದ್ದಾನೆ. ಬಸವಣ್ಣನವರು ಛಲವನ್ನು ಶರಣನಿಗೆ ಬೇಕಾದ ಗುಣವೆಂದೇ ಎಣಿಸಿದರು. ಆದರೆ ಅವರು ಬಯಸಿದ್ದು ಪರಧನ, ಪರಸತಿಯರನ್ನು ಒಲ್ಲೆನೆಂಬ ಛಲವನ್ನು. ಕೌರವನ ಛಲಕ್ಕೂ ಶರಣನ ಛಲಕ್ಕೂ ಕೆಚ್ಚಿನಲ್ಲಿ ಭೇದವಿಲ್ಲ. ಯಾವುದಕ್ಕಾಗಿ ಎಂಬುದರಲ್ಲಿ ಭೇದ.

'ನಿಷ್ಠೆ' ಎಂಬುದು ಇನ್ನೂ ಆಳವಾದುದು. ಇದೂ 'ಸ್ಥಾ' ಧಾತುವಿನದೇ. ಆದುದರಿಂದ 'ಆಬ್‌ಸ್ಟಿನೇಟ್' ಎಂಬುದರ ದೂರದ ಬಂಧುವೇ. ಅಲ್ಲಿ ಉಪಸರ್ಗ ಎದುರಿಗೆ ಮುಖಮಾಡಿದೆ. ಇಲ್ಲಿ 'ನಿ' ಎಂಬುದು ಒಳಕ್ಕೆ ಇಳಿಯುತ್ತದೆ. ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತಸ್ಥಲದ ಶ್ರದ್ಧೆಯ ಬಳಿಕ ಮಾಹೇಶ್ವರಸ್ಥಲದ ಲಕ್ಷಣವಾಗಿ ಬರುವುದು ಈ ನಿಷ್ಠೆಯೇ. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಬಗೆದ ಶರಣರು ನಿಷ್ಠೆಯನ್ನು ಬೇಡಿದರೆಂಬುದು ಅರ್ಥಗರ್ಭಿತವಾಗಿದೆ. ಅಲುಗದಿರುವುದೇ ನಿಷ್ಠೆಯಾಗಿದ್ದರೆ ಬಂಡೆಗಲ್ಲಿಗಿಂತ ದೊಡ್ಡ ನಿಷ್ಠಾವಂತನಿಲ್ಲ. ನಿಷ್ಠೆಯುಳ್ಳವನು ನಡೆಯುತ್ತಾನೆ, ಕೇಳುತ್ತಾನೆ, ಕಲಿಯುತ್ತಾನೆ; ನೆಲೆಯನ್ನು ಮಾತ್ರ ಬಿಡುವುದಿಲ್ಲ. ಇದಕ್ಕೆ ಹತ್ತಿರದ ಇಂಗ್ಲಿಷ್ ಶಬ್ದ 'ಸ್ಟೆಡ್‌ಫಾಸ್ಟ್'.

ಈ ಭೇದವನ್ನು ಬದುಕಿನಲ್ಲಿ ತೋರಿದವರು ಗಾಂಧೀಜಿ. ದಕ್ಷಿಣ ಆಫ್ರಿಕಾದಲ್ಲಿ 1906ರಲ್ಲಿ ಆರಂಭವಾದ ಚಳವಳಿಗೆ ಇಂಗ್ಲಿಷಿನ ಹೆಸರು ಒಪ್ಪಿಗೆಯಾಗದೆ ಹೊಸ ಹೆಸರನ್ನು ಅರಸಿದಾಗ ಮಗನ್‌ಲಾಲ್ ಗಾಂಧಿಯವರು 'ಸದಾಗ್ರಹ'ವೆಂದು ಸೂಚಿಸಿದರು. ಗಾಂಧೀಜಿ ಅದನ್ನು 'ಸತ್ಯಾಗ್ರಹ'ವೆಂದು ತಿದ್ದಿದರು. ಆ ಹೋರಾಟದ ಚರಿತ್ರೆಯನ್ನು ಹೇಳುವ ಅವರ ಗ್ರಂಥದ ಇಂಗ್ಲಿಷ್ ಅನುವಾದದಲ್ಲಿ 'ಆಗ್ರಹ'ಕ್ಕೆ ಆರಿಸಿಕೊಂಡ ಶಬ್ದ 'ಫರ್ಮ್‌ನೆಸ್'. ಹಠದ ಹೋರಾಟವನ್ನು ಅವರು 'ದುರಾಗ್ರಹ'ವೆಂದು ಬೇರ್ಪಡಿಸುತ್ತಿದ್ದರು. 1908ರ ಜನವರಿಯಲ್ಲಿ ಅವರು ಜನರಲ್ ಸ್ಮಟ್ಸ್ ಅವರೊಡನೆ ಒಪ್ಪಂದಕ್ಕೆ ಬಂದರು. ಭಾರತೀಯರು ಸ್ವಂತ ಇಚ್ಛೆಯಿಂದ ನೋಂದಣಿ ಮಾಡಿಸಿಕೊಳ್ಳುವುದಕ್ಕೆ ಒಪ್ಪಿದರು. ಅದಕ್ಕೆ ಪ್ರತಿಯಾಗಿ ಕರಾಳ ಶಾಸನ ರದ್ದಾಗುವುದೆಂದು ಭಾರತೀಯರು ನಂಬಿದ್ದರು. ಅದು ರದ್ದಾಗದೆ ಹೋದಾಗ ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ನೋಂದಣಿ ಪತ್ರಗಳನ್ನು ಸುಟ್ಟರು. ಒಪ್ಪಂದಕ್ಕೆ ಕೈ ನೀಡಿದ್ದೂ ಪತ್ರ ಸುಟ್ಟದ್ದೂ ಒಂದೇ ಆಗ್ರಹದ ಎರಡು ಮುಖಗಳು. ಬರಿಯ ಹಠಕ್ಕೆ ಇವುಗಳಲ್ಲಿ ಮೊದಲಿನದು ಸಾಧ್ಯವಿಲ್ಲ. ದೌರ್ಬಲ್ಯಕ್ಕೆ ಎರಡನೆಯದು ಸಾಧ್ಯವಿಲ್ಲ.

ಆದುದರಿಂದ ಒಬ್ಬನ ಬಗ್ಗದ ನಿಲುವಿಗೆ ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಹೆಸರಿಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಅವನು ನಿಂತಿರುವುದು ಯಾವುದರ ಮೇಲೆ: ಸತ್ಯದ ಮೇಲೋ, ತನ್ನ ಮಾತೇ ಗೆಲ್ಲಬೇಕೆಂಬ ಅಭಿಮಾನದ ಮೇಲೋ? ನಿಲ್ಲುವ ಮೊದಲು ವಿಷಯವನ್ನು ಬಿಡಿಸಿ ನೋಡಿದ್ದಾನೆಯೇ, ಎದುರಿನವರ ಮಾತಿಗೆ ಕಿವಿಗೊಟ್ಟಿದ್ದಾನೆಯೇ? ಅವನು ತನ್ನ ಪಕ್ಷದವನಾಗಿದ್ದರೆ ಲೇಖನಿ ಇದೇ ಶಬ್ದವನ್ನು ಬರೆಯುತ್ತಿತ್ತೇ? ಈ ಮೂರನೆಯ ಪ್ರಶ್ನೆಯೇ ಅತ್ಯಂತ ಕಠಿಣವಾದುದು, ಏಕೆಂದರೆ ಅದು ಎದುರಿನವನನ್ನು ಬಿಟ್ಟು ಬರೆಯುವವನನ್ನೇ ಪರೀಕ್ಷಿಸುತ್ತದೆ. ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡ ಬಳಿಕ ಕೈ ಬರೆಯುವ ಶಬ್ದ 'ಫರ್ಮ್' ಆದರೂ 'ಆಬ್‌ಸ್ಟಿನೇಟ್' ಆದರೂ ಅದು ನ್ಯಾಯವಾದ ಶಬ್ದವಾಗಿರುತ್ತದೆ.